ಸೂತಕದ ಪೆಟ್ಟಿಗೆಯಲ್ಲೊಂದು ಲವಂಗ

ಮೊನ್ನೆ ಕೆಲಸದಲ್ಲಿ ಒಂದು ಪೆಟ್ಟಿಗೆಯ ಮುಚ್ಚಳ ತೆಗೆದಾಗ ಲವಂಗದ ವಾಸನೆ ಬಂತು. ಹಳೆಯ ಕಾಗದದ ಪೆಟ್ಟಿಗೆಗಳಿಂದ ಬರುವ ವಾಸನೆಗಳೆಲ್ಲ ನನಗೆ ಪರಿಚಯವೇ. ಧೂಳು, ಒಣಗಿದ ಅಂಟು, ಮುಗ್ಗಲು, ಯಾರೋ ಎಂದೋ ಸೇದಿದ ಪೈಪಿನ ಹೊಗೆ. ಲವಂಗ ಮಾತ್ರ ಎಂದೂ ಬಂದಿರಲಿಲ್ಲ. ಒಂದೊಂದೇ ಕಡತ ಎತ್ತಿ ನೋಡಿದೆ. ಎಂಟು ಪುಟಗಳ ಒಂದು ಪತ್ರದ ಕೊನೆಯ ಪುಟದ ಮೇಲೆ, ಸಹಿಯ ಪಕ್ಕದಲ್ಲೇ, ಕರ್ರಗೆ ಒಣಗಿದ ಒಂದು ಲವಂಗ ಬಿದ್ದಿತ್ತು. ಅದು ಯಾರ ಬಾಯಿಗೆ ಹೋಗಬೇಕಾಗಿದ್ದ ಲವಂಗ ಎಂದು ಆ ಕ್ಷಣವೇ ಗೊತ್ತಾಯಿತು. ಆದರೆ ಅದು ಆ ಪೆಟ್ಟಿಗೆಯೊಳಗೆ ಇರುವುದಕ್ಕೆ ಸಾಧ್ಯವೇ ಇರಲಿಲ್ಲ. ಆ ಪೆಟ್ಟಿಗೆಯನ್ನು ಮುಟ್ಟುವುದಿಲ್ಲ ಎಂದು ಆಕೆ ನನ್ನೆದುರೇ ಹಠ ಹಿಡಿದಿದ್ದರು.

ನಾನು ನ್ಯೂಜೆರ್ಸಿಯ ಒಂದು ಸಣ್ಣ ಖಾಸಗಿ ಲೈಬ್ರರಿಯ ನೆಲಮಾಳಿಗೆಯಲ್ಲಿ ಕೆಲಸ ಮಾಡುತ್ತೇನೆ. ಬಹಳ ಹಿಂದೆ ಇಲ್ಲಿನ ಒಬ್ಬ ಶ್ರೀಮಂತನಿಗೆ ಬ್ರಿಟಿಷ್ ದೊಡ್ಡಮನುಷ್ಯರ ಕಾಗದಪತ್ರ ಕೊಂಡು ಕೂಡಿಡುವ ಹುಚ್ಚಿತ್ತು. ಕೆಲವರಿಗೆ ಕುದುರೆಯ ಹುಚ್ಚು ಇರುತ್ತದಲ್ಲ, ಹಾಗೆ. ಮಂತ್ರಿಗಳು, ಸೇನಾಪತಿಗಳು, ಪಾರ್ಲಿಮೆಂಟಿನಲ್ಲಿ ನಿದ್ದೆ ಮಾಡಿದವರು, ಇವರೆಲ್ಲರ ಮನೆಪತ್ರಗಳು ಹಡಗು ಹತ್ತಿ ಬಂದು ನಮ್ಮ ಕಪಾಟುಗಳಲ್ಲಿ ಕೂತಿವೆ. ಅವನ್ನು ಓದಿ, ಜೋಡಿಸಿ, ಯಾವ ಪೆಟ್ಟಿಗೆಯಲ್ಲಿ ಏನಿದೆ ಎಂದು ಬರೆದಿಡುವುದು ನನ್ನ ಕೆಲಸ. ಮೇಲಿನ ಮಹಡಿಯಲ್ಲಿ ಒಂದಿಬ್ಬರು ಇರುತ್ತಾರೆ, ಕೆಳಗೆ ನಾನೊಬ್ಬಳೇ. ಇಡೀ ದಿನ ನನ್ನ ಜೊತೆ ಗೊಣಗುವುದು ತೇವ ಹೀರುವ ಯಂತ್ರ ಮಾತ್ರ.

ನಮ್ಮವರ ಸಮಾರಂಭಗಳಲ್ಲಿ ಯಾರಾದರೂ ‘ನೀವೇನ್ ಮಾಡ್ಕೊಂಡಿದೀರ?’ ಎಂದು ಕೇಳಿದರೆ, ‘ಸತ್ತ ಇಂಗ್ಲಿಷರ ಕಾಗದ ಜೋಡಿಸ್ತೀನಿ’ ಎನ್ನುತ್ತಿದ್ದೆ. ಅವರು ಒಮ್ಮೆ ನಕ್ಕು ಹೋಳಿಗೆಯ ಕಡೆ ನಡೆಯುತ್ತಿದ್ದರು. ಒಂದು ಯುಗಾದಿಯ ಊಟದಲ್ಲಿ ಒಬ್ಬರು ಮಾತ್ರ ಅಲ್ಲಿಂದ ಕದಲಲಿಲ್ಲ. ಬೂದು ಬಣ್ಣದ ಸ್ವೆಟರು, ಮೈಸೂರು ರೇಷ್ಮೆ, ಕಾಲಿಗೆ ವಾಕಿಂಗ್ ಶೂ. ‘ಕೈಬರಹನಾ? ಓದಕ್ಕಾಗತ್ತಾ?’ ಎಂದು ಕೇಳಿದರು. ಎಷ್ಟೋ ಪತ್ರಗಳನ್ನು ಓದಲಾಗದೆ ಬದಿಗಿಟ್ಟಿದ್ದೇನೆ ಎಂದೆ. ‘ನಾನು ಆಸ್ಪತ್ರೆ ಫಾರ್ಮಸಿಸ್ಟ್ ಆಗಿ ರಿಟೈರ್ ಆದೋಳು. ಡಾಕ್ಟರ್‌ಗಳು ಬರ್ದಿದ್ದನ್ನ ಓದ್ಕೊಂಡೇ ಜೀವನ ಕಳ್ದಿದೀನಿ. ನಿನ್ನ ಲಾರ್ಡುಗಳೇನು ಮಹಾ?’ ಎಂದರು. ಅಮೆರಿಕದಲ್ಲಿ ಆಂಟಿ ಅನ್ನಿಸಿಕೊಳ್ಳದ ಹಿರಿಯ ಹೆಂಗಸಿಲ್ಲ. ನನಗೂ ಅವರು ಆಂಟಿಯಾದರು.

ನಾವಿಬ್ಬರೂ ಓಲ್ಡ್ ಬ್ರಿಡ್ಜ್ ಎಂಬ ಊರಿನಲ್ಲೇ ಇದ್ದೆವು. ಕಣ್ಣಿನ ಪೊರೆ ತೆಗೆಸಿದ ಮೇಲೆ ಹೈವೇಯಲ್ಲಿ ಡ್ರೈವ್ ಮಾಡುವುದಕ್ಕೆ ಆಂಟಿಗೆ ಧೈರ್ಯವಿರಲಿಲ್ಲ. ಪತ್ರ ಓದಿಕೊಡಲೆಂದು ಬುಧವಾರಗಳಂದು ನಾನೇ ಹೋಗಿ ಲೈಬ್ರರಿಗೆ ಕರೆದುಕೊಂಡು ಬರುತ್ತಿದ್ದೆ. ಹಾರ್ನ್ ಮಾಡುವ ಪ್ರಮೇಯವೇ ಇರಲಿಲ್ಲ. ಚಳಿಯಿರಲಿ ಬಿಸಿಲಿರಲಿ, ಕೈಚೀಲ ಹಿಡಿದು ಗ್ಯಾರೇಜಿನ ಮುಂದೆ ನಿಂತಿರುತ್ತಿದ್ದರು. ಗಂಡ ತೀರಿಕೊಂಡಿದ್ದರು. ಮಗಳು ಅಮೆರಿಕದ ಇನ್ನೊಂದು ತುದಿಯಲ್ಲಿ. ‘ಮಂಗಳವಾರ ರಾತ್ರಿನೇ ಸೀರೆ ತೆಗ್ದಿಟ್ಟಿರ್ತೀನಿ’ ಎಂದು ಒಮ್ಮೆ ನಗುತ್ತಾ ಹೇಳಿದ್ದರು. ನಾನೂ ನಕ್ಕಿದ್ದೆ. ಬುಧವಾರಕ್ಕಾಗಿ ನಾನೂ ಕಾಯುತ್ತಿದ್ದೆನೆಂದು ಯಾಕೋ ಹೇಳಲಿಲ್ಲ...

ನಮ್ಮ ಕೋಣೆಯ ಕಟ್ಟುಪಾಡುಗಳನ್ನು ಕೇಳಿ ಅವರಿಗೆ ಬಲು ಖುಷಿಯಾಗಿತ್ತು. ಕಾಗದ ಮುಟ್ಟುವ ಮೊದಲು ಕೈ ತೊಳೆದು ಒರೆಸಿಕೊಳ್ಳಬೇಕು. ಪೆನ್ನು ತರಬಾರದು, ಪೆನ್ಸಿಲ್ ಮಾತ್ರ. ತಿಂಡಿ, ಕಾಫಿ, ನೀರು ಯಾವುದೂ ಕೂಡದು. ‘ಓಹೋ, ಇದು ನಿಮ್ಮ ಮಡಿ! ನಮ್ಮಜ್ಜಿ ಇಲ್ಲಿದ್ದಿದ್ರೆ ಕೆಲಸ ಗಿಟ್ಟಿಸ್ಕೋತಿದ್ರು’ ಎಂದಿದ್ದರು. ಆದರೆ ಬಾಯಲ್ಲಿ ಸದಾ ಒಂದು ಲವಂಗ. ಅದೂ ತಿನ್ನುವ ಪದಾರ್ಥವೇ ಎಂದರೆ, ‘ಲವಂಗ ಔಷಧಿ ಕಣೇ, ಫಾರ್ಮಸಿಸ್ಟ್ ಹೇಳ್ತಿದೀನಿ’ ಎಂದು ನನ್ನ ಬಾಯಿ ಮುಚ್ಚಿಸುತ್ತಿದ್ದರು. ಸ್ವೆಟರಿನ ಜೇಬಿನಲ್ಲಿ ಹಿಡಿ ಲವಂಗ ಇದ್ದೇ ಇರುತ್ತಿತ್ತು. ಹಾಳೆಯ ಮೇಲೆ ಬಗ್ಗಿದಾಗ ಒಂದೆರಡು ಉದುರುವುದೂ ಇತ್ತು.

ಆಗ ನಾವು ಒಬ್ಬ ಬ್ರಿಟಿಷ್ ಮಂತ್ರಿಯ ಮನೆಪತ್ರಗಳಲ್ಲಿ ಮುಳುಗಿದ್ದೆವು. ಆತನ ಅಕ್ಷರ ಅಪ್ಪಟ ಕಾಗೆಕಾಲು ಗುಬ್ಬಿಕಾಲು. ಸಭೆಯಲ್ಲಿ ಬೇರೆಯವರು ಭಾಷಣ ಬಿಗಿಯುತ್ತಿದ್ದಾಗ ತೊಡೆಯ ಮೇಲೆ ಕಾಗದ ಇಟ್ಟುಕೊಂಡು ಹೆಂಡತಿಗೆ ಬರೆಯುತ್ತಿದ್ದನಂತೆ. ಅದನ್ನೂ ಆತನೇ ಬರೆದುಕೊಂಡಿದ್ದಾನೆ. ಆಂಟಿ ಕನ್ನಡಕ ಹಣೆಗೇರಿಸಿ, ಹಾಳೆಯನ್ನು ಓರೆ ಮಾಡಿ, ತುಟಿಯಲ್ಲೇ ಗೊಣಗುತ್ತಾ ಬಿಡಿಸುತ್ತಿದ್ದರು. ನಾನು ‘ಗೌಟ್’, ಅಂದರೆ ಸಂಧಿವಾತ, ಎಂದು ಓದಿದ್ದ ಪದ ‘ಗೋಟ್’, ಅಂದರೆ ಮೇಕೆ, ಎಂದು ಹೊರಬಿದ್ದ ದಿನ ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದೆವು. ‘ನಮ್ಮನ್ನ ಆಳ್ದೋರಿಗೆ ಒಂದು ಸಾಲು ನೆಟ್ಟಗೆ ಬರ್ಯಕ್ಕೆ ಬರ್ತಿರ್ಲಿಲ್ಲವಲ್ಲ!’ ಎಂದು ಆತನ ಮೇಲೆ ರೇಗುತ್ತಿದ್ದರು. ರೇಗುತ್ತಲೇ ಆತನ ಹಲ್ಲುನೋವಿಗೆ ಮರುಗುತ್ತಿದ್ದರು. ಅವನ ಪತ್ರಗಳೆಲ್ಲ ಮಳೆ, ಮಂಜು, ಗಾಳಿಯ ವರದಿಯಿಂದಲೇ ಶುರುವಾಗುತ್ತಿದ್ದವು. ‘ನಮ್ಮೋರು ಉಭಯಕುಶಲೋಪರಿ ಅಂತಿದ್ರು, ಇವ್ನು ಮಳೆ ಅಂತಾನೆ. ಎಲ್ಲಾ ಒಂದೇ’ ಎನ್ನುತ್ತಿದ್ದರು.

ಹೀಗೆ ಸಾಗಿ ಸಾಗಿ ಮಂತ್ರಿ ತೀರಿಕೊಂಡ ಪೆಟ್ಟಿಗೆಗೆ ಬಂದೆವು. ಆತನ ಹೆಂಡತಿಗೆ ಬಂದ ಸಂತಾಪದ ಪತ್ರಗಳು, ಬಹುಪಾಲು ಕಪ್ಪಂಚಿನ ಕಾಗದದಲ್ಲಿ, ಕಪ್ಪಂಚಿನ ಲಕೋಟೆಯಲ್ಲಿ. ಮುಚ್ಚಳ ತೆಗೆದು ಅವರ ಮುಂದೆ ತಳ್ಳಿದೆ. ಆಂಟಿ ಕುರ್ಚಿಯನ್ನೇ ಹಿಂದಕ್ಕೆ ಸರಿಸಿಕೊಂಡರು.

‘ಇದನ್ನೆಲ್ಲಾ ಇಟ್ಕೊಂಡಿದ್ರಾ?’

‘ಎಲ್ಲಾ ಇಟ್ಕೊಂಡಿದಾರೆ ಆಂಟಿ. ಒಂದೂ ಎಸ್ದಿಲ್ಲ.’

‘ಸಾವಿನ ಕಾಗದ ಯಾರಾದ್ರೂ ಮನೇಲಿಟ್ಕೋತಾರೇನೇ? ಓದಿ ಹರ್ದಾಕ್ಬೇಕು. ಮುಚ್ಚು ಅದನ್ನ. ನಂಗೆ ಬೇರೆ ಪೆಟ್ಟಿಗೆ ಕೊಡು.’

ನನಗೂ ಗೊತ್ತಿದ್ದ ಪದ್ಧತಿಯೇ. ನಮ್ಮ ಮನೆಯಲ್ಲೂ ಸಾವಿನ ಸುದ್ದಿಯ ಕಾರ್ಡು ಬಂದರೆ ಅಪ್ಪ ಬಾಗಿಲಾಚೆ ನಿಂತೇ ಓದಿ, ಅಲ್ಲೇ ಹರಿದು, ಕಾಲು ತೊಳೆದು ಒಳಗೆ ಬರುತ್ತಿದ್ದರು. ಅಂಥ ಕಾಗದಕ್ಕೆ ಮೇಲುಗಡೆ ‘ಶ್ರೀ’ ಇರುತ್ತಿರಲಿಲ್ಲ. ಅದನ್ನು ನೋಡಿಯೇ ಅಮ್ಮನ ಮುಖ ಇಳಿಯುತ್ತಿತ್ತು. ಆದರೆ ಇದು ಕೆಲಸ, ಇವು ಯಾರದೋ ಊರಿನ ಯಾರದೋ ಸಾವು ಎಂದು ನಾನು ವಾದಿಸಿದೆ. ಆಂಟಿ ಜಗ್ಗಲಿಲ್ಲ. ಅದಕ್ಕೆ ಸೂತಕದ ಪೆಟ್ಟಿಗೆ ಎಂದು ಹೆಸರಿಟ್ಟರು. ನಾನೂ ಹೋಗಲಿ ಬಿಡು ಎಂದು ಅದನ್ನು ಕಪಾಟಿನ ಕೆಳಗಿನ ಸಾಲಿಗೆ ಸೇರಿಸಿದೆ.

ಆ ದಿನ ವಾಪಸು ಬರುವಾಗ ಕರಿಬೇವಿಗೆಂದು ನಮ್ಮವರ ಅಂಗಡಿಗಳಿರುವ ಐಸೆಲಿನ್‌ಗೆ ಹೋಗಿದ್ದೆವು. ಓಕ್ ಟ್ರೀ ರೋಡಿನಲ್ಲಿ ಪಾರ್ಕಿಂಗ್ ಹುಡುಕಿ, ಅಂಗಡಿ ಮುಗಿಸಿ, ಮತ್ತೆ ಕಾರಿನಲ್ಲಿ ಕೂತೆವು. ಮಳೆ ಜೋರಾಯಿತು, ಸ್ವಲ್ಪ ನಿಲ್ಲಲಿ ಎಂದು ಎಂಜಿನ್ ಹಚ್ಚದೆ ಕಾದೆ. ಆಂಟಿ ತೊಡೆಯ ಮೇಲಿದ್ದ ಕರಿಬೇವಿನ ಪೊಟ್ಟಣವನ್ನು ಬಿಚ್ಚುತ್ತಾ ಮುಚ್ಚುತ್ತಾ ಇದ್ದರು. ನಾನು ಕೇಳಿರಲಿಲ್ಲ. ಅವರಾಗಿಯೇ ಹೇಳಿದರು.

ಮದುವೆಯಾಗಿ ಈ ದೇಶಕ್ಕೆ ಬಂದ ಹೊಸತು. ಹೊಟ್ಟೆಯಲ್ಲಿ ಮಗಳಿದ್ದಳು. ಮೈಸೂರಿನಿಂದ ಅಣ್ಣನ ಏರೋಗ್ರಾಮ್, ಮಡಚಿ ಅಂಟಿಸಿದ ವಿಮಾನದಂಚೆಯ ಕಾಗದ, ಬಂತು. ಅಪಾರ್ಟ್‌ಮೆಂಟಿನ ಮೆಟ್ಟಿಲ ಮೇಲೇ ಬಿಡಿಸಿದರು. ಮೇಲುಗಡೆ ‘ಶ್ರೀ’ ಇರಲಿಲ್ಲ. ಅಮ್ಮ ಹೋದಳು ಎಂದು ಮೊದಲ ಸಾಲಿನಲ್ಲೇ ಇತ್ತು. ಬಸುರಿ ಹೆಂಗಸು, ಜೊತೆಗೆ ಹಿರಿಯರು ಯಾರೂ ಇಲ್ಲ. ತಲೆಯಲ್ಲಿ ಇದ್ದದ್ದು ಒಂದೇ ಮಾತು: ಸಾವಿನ ಕಾಗದ ಒಳಗೆ ಬರಬಾರದು, ಮಗುವಿಗೆ ಆಗಿಬರುವುದಿಲ್ಲ. ಅಲ್ಲೇ ಚೂರು ಚೂರು ಹರಿದು ಹೊರಗಿನ ಕಸದ ಡಬ್ಬಿಗೆ ಹಾಕಿ, ಒಳಗೆ ಬಂದು ಷವರಿನ ಕೆಳಗೆ ನಿಂತು ಅತ್ತರು. ಸ್ನಾನ ಮುಗಿಸಿ ಬರುವಷ್ಟರಲ್ಲಿ ಕಸದ ಲಾರಿ ಬಂದು ಹೋಗಿತ್ತು.

‘ಆಮೇಲೆ ಹೊಳೀತು ಕಣೇ. ಏರೋಗ್ರಾಮ್ ಪೂರ್ತಿ ತುಂಬ್ಸಿದ್ದ ಅಣ್ಣ. ಮಡಿಕೆ ಒಳಗೆ, ಅಂಚಲ್ಲಿ, ಎಲ್ಲಾ ಕಡೆ ಸಣ್ಣಕ್ಷರದಲ್ಲಿ ಬರ್ದಿದ್ದ. ನಾನು ಓದಿದ್ದು ಒಂದೇ ಸಾಲು.’

ಅಮ್ಮ ಹೇಗೆ ಹೋದರು, ಕೊನೆಗೆ ಏನಂದರು, ಇವರನ್ನು ಕೇಳಿದರಾ, ಎಲ್ಲವೂ ಆ ಚೂರುಗಳಲ್ಲಿ ಹೋಗಿಬಿಟ್ಟಿತ್ತು. ಅಣ್ಣನ ಮನೆಯಲ್ಲಿ ಆಗ ಫೋನಿರಲಿಲ್ಲ. ಸಮಾಧಾನ ಹೇಳಿ ಒಂದು ಪತ್ರ ಬರೆದರು. ಅದಕ್ಕೆ ಉತ್ತರ ಬರಲಿಲ್ಲ. ಆಮೇಲೆ ಅಣ್ಣ ಎಂದೂ ಪತ್ರ ಬರೆಯಲಿಲ್ಲ. ಊರಿಗೆ ಹೋದಾಗ ಬಾ, ಕೂತ್ಕೋ, ಊಟ ಮಾಡು ಎಂಬ ಉಪಚಾರವೆಲ್ಲ ನಡೆಯುತ್ತಿತ್ತು. ಆದರೆ ಅಣ್ಣ ಇವರ ಮುಖ ನೋಡಿ ಮಾತಾಡುತ್ತಿರಲಿಲ್ಲ. ಆ ಕಾಗದದಲ್ಲಿ ಏನೋ ಕೇಳಿದ್ದ, ತಾನು ಉತ್ತರ ಕೊಡಲಿಲ್ಲ ಎಂದು ಆಂಟಿಗೆ ಒಳಗೊಳಗೇ ಖಾತ್ರಿ.

‘ಈಗ್ಲಾದ್ರೂ ಫೋನ್ ಮಾಡಿ ಕೇಳ್ಬಿಡಿ ಆಂಟಿ’ ಎಂದೆ.

‘ಏನಂತ ಕೇಳ್ಲಿ? ನಿನ್ ಕಾಗದ ಓದ್ದೇ ಹರ್ದಾಕಿದೆ ಅಂತಲಾ? ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು ಅಂತಾರೆ. ಕಾಗದದ ವಿಷ್ಯ ಯಾರೂ ಹೇಳ್ಕೊಟ್ಟಿರ್ಲಿಲ್ಲ.’

ಮಳೆ ನಿಂತಿತ್ತು. ಅವರ ಮನೆಯತ್ತ ಕಾರು ಓಡಿಸಿದೆ. ಇಳಿಯುವಾಗ ಕರಿಬೇವಿನಲ್ಲಿ ಅರ್ಧ ಮುರಿದು ನನ್ನ ಸೀಟಿನ ಪಕ್ಕ ಇಟ್ಟು ಹೋದರು.

ಆಮೇಲೂ ಬುಧವಾರಗಳು ಬಂದವು. ಆ ಮಾತನ್ನು ಅವರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಚಳಿಗಾಲದಲ್ಲಿ ಒಮ್ಮೆ ಮೇಲಿನ ಮಹಡಿಯಲ್ಲಿ ನನಗೊಂದು ಮೀಟಿಂಗ್ ಇತ್ತು. ಬೇಗ ಮುಗಿಯುತ್ತದೆ ಎಂದು ಹೋದವಳು ಊಟದ ಹೊತ್ತಿನವರೆಗೂ ಸಿಕ್ಕಿಹಾಕಿಕೊಂಡೆ. ಕೆಳಗೆ ಬಂದರೆ ಆಂಟಿ ಕೋಣೆಯಲ್ಲಿಲ್ಲ. ರೆಸ್ಟ್‌ರೂಮಿನಿಂದ ಬಂದರು. ನೆತ್ತಿಯ ಕೂದಲು ಒದ್ದೆಯಾಗಿ ಹಣೆಗೆ ಅಂಟಿಕೊಂಡಿತ್ತು. ಪೇಪರ್ ಟವಲಿನಲ್ಲಿ ಕುತ್ತಿಗೆ ಒರೆಸಿಕೊಳ್ಳುತ್ತಿದ್ದರು.

‘ಏನಾಯ್ತು ಆಂಟಿ?’

‘ಸೆಕೆ. ತಲೆ ಮೇಲೆ ನೀರ್ ಚುಮುಕಿಸ್ಕೊಂಡೆ ಅಷ್ಟೆ.’

ಹೊರಗೆ ಹಿಮ ಬಿದ್ದಿತ್ತು. ಈ ವಯಸ್ಸಿನಲ್ಲಿ ಬಿ.ಪಿ. ಏರಿಳಿಯುತ್ತದೇನೋ ಎಂದುಕೊಂಡು ಬೇಗ ಮನೆಗೆ ಬಿಟ್ಟುಬಂದೆ. ಕಾರಿನ ಹೀಟರನ್ನು ಮಾತ್ರ ಅವರೇ ಜೋರು ಮಾಡಿಕೊಂಡಿದ್ದರು. ಅದೂ ನನಗೆ ವಿಚಿತ್ರ ಅನ್ನಿಸಲಿಲ್ಲ.

ಮುಂದಿನ ಬುಧವಾರ ಕಾರು ಹತ್ತಿ, ಬೆಲ್ಟ್ ಹಾಕಿಕೊಳ್ಳುವ ಮೊದಲೇ, ‘ಅಣ್ಣಂಗೆ ಫೋನ್ ಮಾಡಿದ್ದೆ’ ಎಂದರು. ನಾನು ಗೇರ್ ಹಾಕದೆ ಅವರ ಕಡೆ ತಿರುಗಿದೆ.

ಅಂಥ ಕಾಗದ ಬರೆದದ್ದು ಅಣ್ಣನಿಗೆ ನೆನಪಿತ್ತು. ಅದರಲ್ಲಿ ಏನು ಬರೆದಿದ್ದ ಎಂಬುದು ನೆನಪಿರಲಿಲ್ಲ. ‘ಏನೋ ಕೇಳಿದ್ದೆ ಕಣಮ್ಮ ನಿನ್ನ. ಏನು ಅನ್ನೋದು ಈಗ ಮರ್ತೇಹೋಗಿದೆ. ನೀನು ಉತ್ತರ ಕೊಡ್ಲಿಲ್ಲ, ಅದೊಂದು ನೆನಪಿದೆ’ ಎಂದನಂತೆ. ಇವರು ಹರಿದ ಕಥೆ ಹೇಳಿದರು. ಅದಕ್ಕೆ ಅಣ್ಣ, ‘ಹರಿಯೋದೇ ಅಲ್ವೇನಮ್ಮ ಪದ್ಧತಿ. ನೀನು ಸರಿಯಾಗೇ ಮಾಡ್ದೆ’ ಎಂದನಂತೆ.

‘ಬೈದಿದ್ರೆ ಚೆನ್ನಾಗಿರ್ತಿತ್ತು’ ಎಂದರು ಆಂಟಿ. ಕೈಚೀಲದಿಂದ ಒಂದು ಲವಂಗ ಹುಡುಕಿ ಬಾಯಿಗೆ ಹಾಕಿಕೊಂಡರು. ಸ್ವಲ್ಪ ಹೊತ್ತಾದ ಮೇಲೆ ಅಳತೊಡಗಿದರು. ನಾನು ಸ್ಟೀರಿಂಗ್ ಹಿಡಿದುಕೊಂಡು ಕೂತೆ. ಎದುರು ಮನೆಯವನು ಡ್ರೈವ್‌ವೇಯಲ್ಲಿ ಹಿಮ ತಳ್ಳುತ್ತಾ ನಮಗೆ ಕೈಬೀಸಿದ. ಇಬ್ಬರೂ ಕೈಬೀಸಿದೆವು.

ಅಣ್ಣ ತಂಗಿ ಆಮೇಲೂ ಕೆಲವು ಸಲ ಫೋನಿನಲ್ಲಿ ಮಾತಾಡಿದರು. ಮಾತ್ರೆ, ಸಕ್ಕರೆ, ಮಂಡಿನೋವು. ‘ಮುನಿಸು ಇದ್ದಾಗ್ಲೇ ಅವ್ನು ಹತ್ರ ಇದ್ದ ಅನ್ಸತ್ತೆ. ಈಗ ಮಾತಾಡಕ್ಕೆ ಏನೂ ಇಲ್ಲ’ ಎಂದು ಒಮ್ಮೆ ಹೇಳಿದ್ದರು. ಬೇಸಗೆಯ ಹೊತ್ತಿಗೆ ಮೆಟ್ಟಿಲಿಳಿಯುವುದು ಅವರಿಗೆ ಕಷ್ಟವಾಯಿತು. ಮಗಳು ಬಂದು ಮನೆ ಮಾರಿ ಕರೆದುಕೊಂಡು ಹೋದಳು. ಹೊರಡುವ ದಿನ ಆಂಟಿ ಬಂದು, ಆ ವರ್ಷವಷ್ಟೇ ತಂದು ಬೆಳೆಸಿದ್ದ ಕರಿಬೇವಿನ ಕುಂಡವನ್ನು ನನಗೆ ಕೊಟ್ಟರು. ನಾನು ಅದನ್ನು ಎರಡನೆಯ ಚಳಿಗಾಲಕ್ಕೆ ಕೊಂದುಬಿಟ್ಟೆ. ನನ್ನ ಬುಧವಾರಗಳು ಮತ್ತೆ ಯಂತ್ರದ ಗೊಣಗಾಟಕ್ಕೆ ಹೋದವು.

ಹೋದ ತಿಂಗಳು ಮೇಲ್‌ಬಾಕ್ಸಿನಲ್ಲಿ ಒಂದು ದಪ್ಪ ಲಕೋಟೆ ಇತ್ತು. ಒಳಗೆ ಆಂಟಿಯ ಫೋಟೋ ಇದ್ದ ಕಾರ್ಡು. ಅದೇ ಬೂದು ಸ್ವೆಟರು. ನಾನು ಡ್ರೈವ್‌ವೇಯಲ್ಲೇ ನಿಂತು ಓದಿದೆ. ಪ್ರಾರ್ಥನೆಯ ದಿನ, ಸಭಾಂಗಣದ ವಿಳಾಸ, ಕಾರು ಎಲ್ಲಿ ನಿಲ್ಲಿಸಬೇಕೆಂಬ ಸೂಚನೆ, ಒಂದನ್ನೂ ಬಿಡದೆ ಕೊನೆಯವರೆಗೂ ಓದಿದೆ. ಹಿಂಬದಿಯಲ್ಲಿ ಮಗಳು ಇಂಗ್ಲಿಷಿನಲ್ಲಿ ಕೈಯಾರೆ ಬರೆದಿದ್ದಳು. ‘ನಿಮಗೆ ಫೋನಿನಲ್ಲಿ ಸುದ್ದಿ ಕಳಿಸಬೇಡ, ಕಾಗದವನ್ನೇ ಕಳಿಸು ಎಂದು ಅಮ್ಮ ಹೇಳಿದ್ದರು. ನೀವು ಇಂಥದ್ದನ್ನು ಎಸೆಯುವುದಿಲ್ಲವಂತೆ. ನಿಮ್ಮ ಜೊತೆ ಅಮ್ಮ ಏನು ಕೆಲಸ ಮಾಡುತ್ತಿದ್ದರು ಎಂದು ನನಗೆ ಹೆಚ್ಚು ಗೊತ್ತಿಲ್ಲ. ಆದಾಗ ಬರೆಯುತ್ತೀರಾ?’

ಗ್ಯಾರೇಜಿನಲ್ಲಿದ್ದ ನನ್ನ ಗಂಡ ನನ್ನ ಮುಖ ನೋಡಿಯೇ ವಿಷಯ ತಿಳಿದುಕೊಂಡರು. ‘ಒಳಗೆ ತರ್ಬೇಡ, ಅಲ್ಲೇ ಹರ್ದು ರಿಸೈಕ್ಲಿಂಗ್‌ಗೆ ಹಾಕ್ಬಿಡು’ ಎಂದರು. ಬೇರೆ ಯಾರದಾದರೂ ಆಗಿದ್ದರೆ ನಾನೂ ಅದನ್ನೇ ಮಾಡುತ್ತಿದ್ದೆ. ಹರಿಯಲು ಕೈ ಬರಲಿಲ್ಲ, ಒಳಗೆ ಒಯ್ಯಲೂ ಕಾಲು ಬರಲಿಲ್ಲ. ಕಾರಿನ ಬಾಗಿಲು ತೆಗೆದು, ಆಂಟಿ ಕೂರುತ್ತಿದ್ದ ಸೀಟಿನ ಮುಂದಿನ ಗೂಡಿನಲ್ಲಿಟ್ಟೆ. ಉತ್ತರ ಬರೆಯಲು ಮನಸ್ಸೇನೋ ಇತ್ತು, ಏನು ಬರೆಯಬೇಕೆಂದು ಮಾತ್ರ ತಿಳಿಯಲಿಲ್ಲ.

ಮೊನ್ನೆ ಇಂಗ್ಲೆಂಡಿನಿಂದ ಯಾರೋ ಸಂಶೋಧಕರು ಸಂತಾಪದ ಪತ್ರಗಳ ಪ್ರತಿ ಕೇಳಿದರು. ಹಾಗಾಗಿ ಕೆಳಗಿನ ಸಾಲಿನಿಂದ ಸೂತಕದ ಪೆಟ್ಟಿಗೆ ಎತ್ತಿದೆ. ಲವಂಗ ಸಿಕ್ಕ ಪತ್ರ ಮಂತ್ರಿಯ ಅಕ್ಕ ತಮ್ಮನ ಹೆಂಡತಿಗೆ ಬರೆದದ್ದು. ಮೊದಲ ಪುಟದಲ್ಲಿ ಸಾವಿನ ಮಾತು. ಉಳಿದ ಪುಟಗಳಲ್ಲಿ ತಮ್ಮ ಚಿಕ್ಕವನಿದ್ದಾಗ ಮರ ಹತ್ತಿ ಬಿದ್ದದ್ದು, ಹಣ್ಣಿನ ತೋಟದ ಮಾಲಿಯ ಜೊತೆ ಜಗಳ, ಮರಳಿ ಬಾರದ ಒಂದು ಕೊಡೆ. ಕೊನೆಯ ಪುಟದಲ್ಲಿ, ಒಂದೆರಡು ಸಾಲಾದರೂ ಸರಿ, ಬರೆ ಎಂಬ ಬೇಡಿಕೆ. ಆ ಚಳಿಗಾಲದಲ್ಲಿ ಒದ್ದೆಯಾಗಿದ್ದ ತಲೆ ನನಗೆ ಈಗ ಅರ್ಥವಾಯಿತು. ನಾನು ಮೀಟಿಂಗಿನಲ್ಲಿದ್ದಾಗ ಆಂಟಿ ತಾವಾಗಿಯೇ ಈ ಪೆಟ್ಟಿಗೆ ಎಳೆದುಕೊಂಡು, ಮೊದಲ ಸಾಲಾದ ಮೇಲೆ ಜನ ಏನು ಬರೆಯುತ್ತಾರೆ ಎಂದು ಹುಡುಕಿದ್ದರು. ಯಾರದೋ ಮನೆಯ ಸಾವಿನ ಕಾಗದವನ್ನು ಕೊನೆಯವರೆಗೂ ಓದಿ, ಮೈಲಿಗೆ ಕಳೆಯಲೆಂದು ಸಿಂಕಿನ ಮುಂದೆ ಬಗ್ಗಿ ತಲೆಗೆ ನೀರು ಹಾಕಿಕೊಂಡಿದ್ದರು. ಆಮೇಲೆ ಅಣ್ಣನಿಗೆ ಫೋನ್ ಮಾಡಿದರು. ಆಗ ನನಗೆ ಒಂದು ಮಾತು ಹೇಳಿದ್ದರೆ ಜೊತೆಯಲ್ಲಿ ಕೂತು ಓದುತ್ತಿದ್ದೆ. ಅವರು ಒಬ್ಬರೇ ಓದಿದರು.

ಕಾಗದಗಳ ನಡುವೆ ಸಿಕ್ಕ ಅನ್ಯ ವಸ್ತುವನ್ನು ತೆಗೆದು ಎಸೆಯಬೇಕು ಎಂಬುದು ನಮ್ಮಲ್ಲಿ ನಿಯಮ. ತೆಗೆದೆ. ಎಸೆಯಲಿಲ್ಲ. ಕೆಲಸ ಮುಗಿಸಿ ಪಾರ್ಕಿಂಗಿನಲ್ಲಿ ಕೂತು, ಲವಂಗವನ್ನು ಕಾರ್ಡಿನ ಲಕೋಟೆಯೊಳಗೆ ಹಾಕಿದೆ. ಪಕ್ಕದ ಸೀಟನ್ನು ನೋಡುತ್ತಾ ಎಷ್ಟು ಹೊತ್ತು ಇದ್ದೆನೋ... ಆಮೇಲೆ ಒಂದು ಹಾಳೆ ತೆಗೆದುಕೊಂಡು ಮಗಳಿಗೆ ಉತ್ತರ ಬರೆದೆ. ಕಾಗೆಕಾಲು ಅಕ್ಷರದ ಮಂತ್ರಿ, ಮೇಕೆಯಾದ ಸಂಧಿವಾತ, ಔಷಧಿಯಾದ ಲವಂಗ, ಗ್ಯಾರೇಜಿನ ಮುಂದೆ ಕಾಯುತ್ತಿದ್ದ ಬುಧವಾರಗಳು. ಅವಳು ಹೊಟ್ಟೆಯಲ್ಲಿದ್ದಾಗ ಬಂದ ಏರೋಗ್ರಾಮಿನ ಕಥೆಯನ್ನೂ ಬರೆದೆ. ಹಾಳೆಯ ಎರಡೂ ಬದಿ ತುಂಬಿ ಅಂಚಿಗೂ ಹೋಯಿತು.

ನಾನು ಇಂಗ್ಲಿಷಿನಲ್ಲಿ ಬರೆದರೂ ಅಭ್ಯಾಸಬಲದಿಂದ ಮೇಲುಗಡೆ ನಡುವೆ ‘ಶ್ರೀ’ ಎಂದು ಬರೆದೇ ಶುರುಮಾಡುವವಳು. ಈ ಸಲ ಬರೆಯಲಿಲ್ಲ. ಮಗಳಿಗೆ ಅದು ತಿಳಿಯುವುದಿಲ್ಲ. ತಿಳಿಯುತ್ತಿದ್ದವರು ಈಗಿಲ್ಲ.